ಲಂಕೆಗೆ ನಮ್ಮ ದುಡ್ಡು ಯಾಕೆ ಅಂತ ಚಿಕ್ಕಪ್ಪ ಕೇಳಿದ್ದರು

2013ರಲ್ಲಿ ನಾನು ಉತ್ತರ ಶ್ರೀಲಂಕಾದ ಕಿಳಿನೊಚ್ಚಿಗೆ ಕೆಲಸಕ್ಕೆ ಹೊರಟಾಗ ಕೋಲಾರದ ಚಿಕ್ಕಪ್ಪ ಒಂದೇ ಮಾತು ಕೇಳಿದರು. "ನಮ್ಮೂರಲ್ಲೇ ಮನೆ ಇಲ್ಲದವರು ಇದ್ದಾರೆ, ಅಲ್ಲಿಯವರಿಗೆ ನಾವ್ಯಾಕಪ್ಪ ಕಟ್ಟಿಸಿಕೊಡಬೇಕು?" ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಸಿವಿಲ್ ಇಂಜಿನಿಯರ್, ತಮಿಳು ಬರುತ್ತೆ, ಕೆಲಸ ಸಿಕ್ಕಿತು, ಹೋದೆ.

ಭಾರತ ಅಲ್ಲಿ 50,000 ಮನೆಗಳಿಗೆ ಹಣ ಕೊಡುತ್ತಿತ್ತು. ಸಾಲ ಅಲ್ಲ, ಕೊಡುಗೆ. ಅಲ್ಲಿನ ಸರ್ಕಾರಕ್ಕೂ ಎಲ್‌ಟಿಟಿಇಗೂ ನಡೆದ ಯುದ್ಧ ಮುಗಿದದ್ದು 2009ರ ಮೇನಲ್ಲಿ, ಜನ ಇನ್ನೂ ತಗಡಿನ ಶೆಡ್‌ಗಳಲ್ಲೇ ಇದ್ದರು. ಮೊದಲ 1,000 ಮನೆಗಳನ್ನು ಗುತ್ತಿಗೆದಾರರಿಂದ ಕಟ್ಟಿಸಿದರು. 2012ರ ಅಕ್ಟೋಬರ್‌ನಿಂದ ಉತ್ತರದಲ್ಲಿ ಕ್ರಮ ಬದಲಾಯಿತು. ಒಂದು ಹೊಸ ಮನೆಗೆ ಲಂಕೆಯ ರೂಪಾಯಿಯಲ್ಲಿ 5,50,000, ಅದು ಕಂತುಗಳಲ್ಲಿ ಮನೆಯವರ ಬ್ಯಾಂಕ್ ಖಾತೆಗೇ ಹೋಗುತ್ತಿತ್ತು, ಮೇಸ್ತ್ರಿಯನ್ನು ಹುಡುಕುವುದು, ಮರಳು ತರಿಸುವುದು, ಅಡುಗೆಮನೆ ಯಾವ ಕಡೆ ಅನ್ನುವುದು ಎಲ್ಲಾ ಅವರದೇ. ಪಾಯ ಆಯಿತಾ, ಗೋಡೆ ಆಯಿತಾ ಅಂತ ನೋಡಿ ಸಹಿ ಹಾಕುವುದು ನನ್ನಂಥವರ ಕೆಲಸ. ಸಹಿ ಬಿದ್ದರೆ ಮುಂದಿನ ಕಂತು.

ಅಲ್ಲೇ ನಾನು ತಪ್ಪು ಮಾಡಿದ್ದು. ಗಂಡನನ್ನು ಯುದ್ಧದಲ್ಲಿ ಕಳೆದುಕೊಂಡ ಒಬ್ಬ ಅಕ್ಕ, ಎರಡು ಮಕ್ಕಳು. ನಕ್ಷೆಯಲ್ಲಿ ಇಲ್ಲದ ಒಂದು ಪುಟ್ಟ ದೇವರ ಕೋಣೆ ಸೇರಿಸಿದ್ದರು. ನಾನು "ನಕ್ಷೆಯಂತೆ ಇಲ್ಲ" ಅಂತ ಬರೆದು, ಸಹಿ ಹಾಕದೆ ಬಂದುಬಿಟ್ಟೆ. ಅಕ್ಟೋಬರ್ ದಾಟಿದರೆ ಅಲ್ಲಿ ಮಳೆ ಶುರು, ಗೋಡೆ ಎದ್ದಿದೆ, ಮೇಲೆ ಹೆಂಚಿಲ್ಲ. ಮೂರು ವಾರ ಬಿಟ್ಟು ಹೋದಾಗ ಚಾವಣಿ ಅರ್ಧ ಆಗಿತ್ತು. "ಸರ ಅಡವಿಟ್ಟೆ ತಂಬಿ" ಅಂದರು. ನನ್ನ ಮೇಲಿನ ಇಂಜಿನಿಯರ್ ಫೈಲ್ ನೋಡಿ ಕೇಳಿದ್ದು ಇಷ್ಟೇ: ಗೋಡೆ ಗಟ್ಟಿ ಇದೆಯಾ? ಇದೆ ಸರ್. ಹಾಗಾದರೆ ಅವರ ದೇವರ ಕೋಣೆಯಿಂದ ನಿಮಗೇನು ತೊಂದರೆ?

ಆವತ್ತಿನಿಂದ ಅಳತೆ ತೆಗೆದ ದಿನವೇ ಸಹಿ. ಗಟ್ಟಿತನದಲ್ಲಿ ಮಾತ್ರ ರಾಜಿ ಇಲ್ಲ.

ಬೇರೆ ದೇಶಕ್ಕೆ ಕೊಡುವುದು ಯಾವಾಗ ಸರಿ ಅನ್ನುವ ಪ್ರಶ್ನೆಗೂ ನನಗೆ ಅಲ್ಲೇ ಉತ್ತರ ಸಿಕ್ಕಿತು. ತೆಗೆದುಕೊಳ್ಳುವವರಿಗೆ ನಿಜವಾಗಿ ಬೇಕಿರಬೇಕು, ಹಣ ಅವರ ಕೈಗೆ ಸೇರಬೇಕು, ಏನು ಮಾಡಬೇಕು ಅನ್ನುವುದು ಅವರ ಮಾತಾಗಿರಬೇಕು. ನಮ್ಮ ಸರ್ಕಾರ ಹೊರದೇಶಗಳಿಗೆ ಕೊಡುವ ಕಡಿಮೆ ಬಡ್ಡಿಯ ಸಾಲಗಳಲ್ಲಿ ಸಾಮಾನ್ಯವಾಗಿ 75% ಸರಕು, ಸೇವೆಗಳನ್ನು ಭಾರತದಿಂದಲೇ ಕೊಳ್ಳಬೇಕು ಅನ್ನುವ ಷರತ್ತು ಇರುತ್ತದೆ. ಅದು ಕೆಟ್ಟದ್ದು ಅಂತ ಹೇಳುತ್ತಿಲ್ಲ, ಅವರಿಗೂ ಉಪಯೋಗ ಇದೆ, ಆದರೆ ಅದನ್ನು ವ್ಯಾಪಾರ ಅಂತಲೇ ಕರೆಯೋಣ. ನೆರವು ಅನ್ನೋದು ಬೇಡ.

ಇನ್ನೊಂದು ವಿಷಯ ಇದೆ, ಅದನ್ನು ಅಲ್ಲಿಗೆ ಹೋಗುವವರೆಗೂ ನಾನು ಯೋಚಿಸಿರಲಿಲ್ಲ. 1987ರಿಂದ 1990ರವರೆಗೆ ನಮ್ಮ ಸೈನ್ಯ ಆ ಊರುಗಳಲ್ಲಿತ್ತು. ಶಾಂತಿ ಕಾಪಾಡಲು ಹೋಗಿ ಯುದ್ಧಕ್ಕೇ ಇಳಿಯಿತು, ನಮ್ಮ ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತರು, ಅಲ್ಲಿನ ಸಾಮಾನ್ಯ ಜನರೂ ಸತ್ತರು. ಒಬ್ಬ ಅಜ್ಜ ಚಹಾ ಕೊಟ್ಟು "ನಿಮ್ಮವರು ಆಗಲೂ ಬಂದಿದ್ದರು" ಅಂದಾಗ ನಾನು ತಲೆ ತಗ್ಗಿಸಿದೆ. ಪಕ್ಕದ ಮನೆಯ ಜಗಳದಲ್ಲಿ ಕೈ ಹಾಕಿದವರಿಗೆ, ಆ ಮನೆ ಎದ್ದು ನಿಲ್ಲುವಾಗ ಸ್ವಲ್ಪ ಹೊಣೆ ಇರುತ್ತೆ ಅಲ್ವಾ?

ನಮ್ಮ ಬಡವರ ಪಾಲು ಹೋಗುತ್ತೆ ಅನ್ನುವವರಿಗೆ ಒಂದು ಲೆಕ್ಕ: 2023-24ರಲ್ಲಿ 45 ಲಕ್ಷ ಕೋಟಿಯ ಕೇಂದ್ರ ಬಜೆಟ್‌ನಲ್ಲಿ ಇಡೀ ವಿದೇಶಾಂಗ ಇಲಾಖೆಗೆ ಇಟ್ಟಿದ್ದು 18,050 ಕೋಟಿ. ಹೊರಗೆ ಕೊಡುವ ನೆರವು ಅದರಲ್ಲಿ ಒಂದು ಭಾಗ ಅಷ್ಟೇ.

ರಜೆಗೆ ಊರಿಗೆ ಬಂದಾಗ ಚಿಕ್ಕಪ್ಪನಿಗೆ ಲೆಕ್ಕ ಹೇಳಲಿಲ್ಲ, ಆ ಅಕ್ಕನ ಕಥೆ ಹೇಳಿದೆ. ಅವರೂ ಬಸವ ವಸತಿ ಯೋಜನೆಯಲ್ಲಿ ಮನೆ ಕಟ್ಟುತ್ತಿದ್ದರು, ಪಾಯದ ಫೋಟೊ ಹೋಗಿ ತಿಂಗಳಾದರೂ ಬಿಲ್ ಬಂದಿರಲಿಲ್ಲ. ಪೂರ್ತಿ ಕೇಳಿಸಿಕೊಂಡರು.

"ಆಯಮ್ಮ ಸರ ಬಿಡಿಸಿಕೊಂಡಳಾ?"

ಇಲ್ಲ ಅಂದೆ. ಅದು ಹರಾಜಿಗೆ ಹೋಗಿತ್ತು.