ಎಲ್ಲರೂ ಎಂದರೆ ಎಷ್ಟು ಜನ?

"ಎಲ್ಲರೂ ಹೊರಗೆ ಬಂದಿದ್ದಾರೆ ಅಕ್ಕಾ."

"ಎಲ್ಲರೂ ಎಂದರೆ ಎಷ್ಟು ಜನ?"

"ಎಲ್ಲರೂ, ಅಕ್ಕಾ. ಒಳಗೆ ಯಾರೂ ಇಲ್ಲ."

"ನಾನು ಕೇಳಿದ್ದು ಲೆಕ್ಕ. ಎಷ್ಟು ಜನ?"

ಮಂಗಳವಾರ ಮಧ್ಯಾಹ್ನ ಸಿಗಡಿ ವಿಭಾಗದ ಮೇಲ್ವಿಚಾರಕಿಗೂ ಗುತ್ತಿಗೆದಾರರ ಮೇಸ್ತ್ರಿಗೂ ನಡೆದ ಈ ಮಾತು ನನ್ನ ಕಿವಿಯಿಂದ ಇನ್ನೂ ಇಳಿದಿಲ್ಲ. ಅವರು ಏರುದನಿಯಲ್ಲಿ ಕೇಳಲಿಲ್ಲ. ಮೇಸ್ತ್ರಿಯ ಮುಖವನ್ನೇ ನೋಡುತ್ತಾ, ಒಂದು ಕೈಯಲ್ಲಿ ಹಾಜರಿ ಪುಸ್ತಕ ಹಿಡಿದು, ಇನ್ನೊಂದು ಕೈಯಲ್ಲಿ ಒದ್ದೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರು. ನಾನು ಐದಾರು ಅಡಿ ದೂರದಲ್ಲಿ ನಿಂತಿದ್ದೆ.

ಸೋರಿದ್ದು ಅಮೋನಿಯಾ, ನೀರನ್ನು ಮಂಜುಗಡ್ಡೆಯಾಗಿಸಲು ಬಳಸುವ ರಾಸಾಯನಿಕ. ನಮ್ಮದು ಕರಾವಳಿಯ ಒಂದು ಮೀನು ಸಂಸ್ಕರಣಾ ಘಟಕ. ಅಲ್ಲಿಯ ಮಂಜುಗಡ್ಡೆ ಸ್ಥಾವರದ ಕಂಪ್ರೆಸರ್ ಕೋಣೆಯಲ್ಲಿ ಪೈಪಿನ ಜೋಡಣೆಯೊಂದರ ಗ್ಯಾಸ್ಕೆಟ್ ಕಿತ್ತುಹೋಗಿತ್ತು. ಆ ವಾಸನೆ ಮೂಗು ಹೊಕ್ಕರೆ ಕಣ್ಣು ತೆರೆದಿಡಲಾಗುವುದಿಲ್ಲ. ಸೊನ್ನೆಗಿಂತ 33 ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿಯುವ ದ್ರವ ಅದು. ಅನಿಲವಾಗಿ ಗಾಳಿಗಿಂತ ಹಗುರವಾದರೂ ದ್ರವವಾಗಿಯೇ ಚಿಮ್ಮಿದಾಗ ತಣ್ಣನೆಯ ಬಿಳಿ ಮಂಜಾಗಿ ನೆಲ ಹಿಡಿದು ಸರಿಯುತ್ತದೆ. ಕಂಪ್ರೆಸರ್ ಕೋಣೆಯ ಬಾಗಿಲಿನಡಿಯಿಂದ ಅದು ಹರಿದು ಬರುವುದನ್ನು ಅಂದು ಕಣ್ಣಾರೆ ಕಂಡೆ.

ಎಲ್ಲರೂ ಸೇರಬೇಕಾದ ಜಾಗದ ಹಸಿರು ಫಲಕ ಇರುವುದು ಪೂರ್ವ ದಿಕ್ಕಿನ ಮುಖ್ಯ ಗೇಟಿನ ಬಳಿ. ಅಣಕು ಕಾರ್ಯಾಚರಣೆ ನಡೆದಾಗಲೆಲ್ಲ ಅಲ್ಲಿಯೇ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡಿದ್ದೇವೆ. ಆದರೆ ಅಣಕು ಕಾರ್ಯಾಚರಣೆ ಯಾವಾಗಲೂ ಬೆಳಗಿನ ಹೊತ್ತು, ಉತ್ಪಾದನೆಗೆ ತೊಂದರೆಯಾಗದಂತೆ ನಡೆಯುತ್ತದೆ. ಆಗ ಕಡಲ ಗಾಳಿ ಇನ್ನೂ ಎದ್ದಿರುವುದಿಲ್ಲ. ಮಧ್ಯಾಹ್ನ ಅದು ಪಡುವಣದಿಂದ ನೇರವಾಗಿ ಗೇಟಿನ ಕಡೆಗೇ ಬೀಸುತ್ತದೆ. ಮಂಗಳವಾರ ಸೈರನ್ ಕೂಗಿದಾಗ ಕಚೇರಿಯವರೆಲ್ಲ ಫಲಕದ ಕಡೆಗೆ ಓಡಿದರು. ಅಕ್ಕ ಮಾತ್ರ ಮಂಜುಗಡ್ಡೆ ಸ್ಥಾವರದ ಚಾವಣಿಯ ಮೇಲೆ ಗಾಳಿಯ ದಿಕ್ಕು ತೋರಿಸುವ ಗಾಳಿಚೀಲವನ್ನೊಮ್ಮೆ ನೋಡಿ, "ಯಾರೂ ಗೇಟಿಗೆ ಹೋಗಬೇಡಿ, ಉತ್ತರದ ಬಾಗಿಲು" ಎಂದು ತುಳುವಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ, ಹಿಂದಿಯಲ್ಲೊಮ್ಮೆ ಕೂಗಿ ಹೆಂಗಸರನ್ನೆಲ್ಲ ಗಾಳಿಗೆ ಅಡ್ಡವಾಗಿ ಕರೆದೊಯ್ದರು. ಅವರ ಮನೆಯವರು ದೋಣಿಗೆ ಹೋಗುವವರು. ಗಾಳಿ ಎಲ್ಲಿಂದ ಎಲ್ಲಿಗೆ ಎನ್ನುವುದನ್ನು ಅವರಿಗೆ ಯಾವ ತರಬೇತಿಯೂ ಕಲಿಸಬೇಕಾಗಿರಲಿಲ್ಲ. ಅವರನ್ನು ಕಂಡು ನಾವೂ ತಿರುಗಿದೆವು.

ಆಮೇಲೆ ನಡೆದದ್ದು ಲೆಕ್ಕ. ಅಕ್ಕನ ಹೆಂಗಸರು ಪುಸ್ತಕದಲ್ಲಿದ್ದಷ್ಟೇ ಇದ್ದರು. ಮೇಸ್ತ್ರಿಯ ಕಡೆ ಪುಸ್ತಕದಲ್ಲಿ ಇಪ್ಪತ್ಮೂರು ಹೆಸರು, ನಿಂತವರು ಇಪ್ಪತ್ತೊಂದು. ಇಬ್ಬರು ಚಹಾಕ್ಕೆಂದು ಹೊರಗೆ ಹೋದವರು ಎಂದು ಗೊತ್ತಾಗಲು ಮೂರು ಫೋನ್ ಕರೆ ಬೇಕಾಯಿತು. ಅಲ್ಲಿಗೆ ಲೆಕ್ಕ ಕೂಡಿತು ಎಂದು ಎಲ್ಲರೂ ಉಸಿರು ಬಿಟ್ಟರು. ಅಕ್ಕ ಬಿಡಲಿಲ್ಲ. "ಐಸ್ ತುಂಬಲು ಬಂದ ಲಾರಿ ಯಾರ ಪುಸ್ತಕದಲ್ಲಿದೆ?"

ಯಾರ ಪುಸ್ತಕದಲ್ಲಿಯೂ ಇರಲಿಲ್ಲ. ಕಾವಲುಗಾರ ಲಾರಿಯ ನಂಬರ್ ಬರೆದುಕೊಂಡಿದ್ದ, ಅದರಲ್ಲಿದ್ದ ಮನುಷ್ಯರನ್ನು ಬರೆದುಕೊಂಡಿರಲಿಲ್ಲ. ಚಾಲಕ ಎದುರಿನ ಹೋಟೆಲಿನಲ್ಲಿ ಊಟ ಮಾಡುತ್ತಿದ್ದವನು ಓಡಿ ಬಂದ. ಕ್ಲೀನರ್ ಹುಡುಗ ಕ್ಯಾಬಿನ್‌ನಲ್ಲಿ ಮಲಗಿದ್ದ. ಲಾರಿ ನಿಂತಿದ್ದದ್ದು ಕಂಪ್ರೆಸರ್ ಕೋಣೆಯ ಪಕ್ಕದಲ್ಲಿ.

ಲೋಡಿಂಗ್ ಮಾಡುವ ಇಬ್ಬರು ಹುಡುಗರು ಟವೆಲ್ ಕಟ್ಟಿಕೊಂಡು ಒಳಗೆ ನುಗ್ಗಲು ಹೊರಟರು. ಅವರ ಧೈರ್ಯವನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಆದರೆ ಅಕ್ಕ ಎರಡೂ ಕೈ ಚಾಚಿ ಅಡ್ಡ ನಿಂತರು. "ಒಬ್ಬನನ್ನು ತರಲು ಹೋಗಿ ಮೂವರನ್ನು ಹುಡುಕಬೇಕಾ ನಾವು?" ಎಂದು ಗದರಿ ಕಂಪ್ರೆಸರ್ ಆಪರೇಟರ್‌ಗೆ ಹೇಳಿ ಕಳುಹಿಸಿದರು. ಉಸಿರಾಟದ ಸಿಲಿಂಡರ್ ಕಟ್ಟಿಕೊಂಡಿದ್ದ ಆಪರೇಟರ್ ಮತ್ತು ಅವರ ಸಹಾಯಕ ಹೋಗಿ ಹುಡುಗನನ್ನು ಎತ್ತಿಕೊಂಡು ಬಂದರು. ನಲ್ಲಿಯ ಕೆಳಗೆ ಅವನ ಕಣ್ಣು ತೊಳೆದೇ ತೊಳೆದರು. ಆಸ್ಪತ್ರೆಯಿಂದ ಮರುದಿನ ಬಿಟ್ಟರು. ಹದಿನೆಂಟೋ ಹತ್ತೊಂಬತ್ತೋ ಇರಬೇಕು ವಯಸ್ಸು.

ಈ ನಡುವೆ ಇನ್ನೊಂದು ಘಟನೆ ನಡೆಯಿತು. ಎಲ್ಲರೂ ಸಣ್ಣ ಧಣಿ ಎಂದು ಕರೆಯುವ ಮಾಲೀಕರ ತಮ್ಮ ಕಾರಿನಿಂದ ಇಳಿದವರೇ, "ಒಳಗೆ ನೀರು ಹೊಡೆಯಿರಿ, ನೋಡುತ್ತಾ ನಿಂತಿದ್ದೀರಲ್ಲ!" ಎಂದು ಕೂಗಿದರು. ನೀರಿನ ಪೈಪ್ ಹಿಡಿದಿದ್ದ ಹುಡುಗ ಒಮ್ಮೆ ಅವರ ಮುಖ ನೋಡಿದ, ಒಮ್ಮೆ ಆಪರೇಟರ್ ಮುಖ ನೋಡಿದ. ಅವನ ಕೈ ನಡುಗುತ್ತಿತ್ತು, ಪೈಪಿನ ತುದಿ ಅತ್ತಿತ್ತ ಓಲಾಡುತ್ತಿತ್ತು. ಆಪರೇಟರ್ ಮುಖವಾಡ ಸರಿಸಿ, "ದ್ರವದ ಮೇಲೆ ನೀರು ಬಿದ್ದರೆ ಇನ್ನೂ ಜಾಸ್ತಿ ಏಳುತ್ತದೆ, ಧಣಿ. ಬಾಗಿಲಿನ ಹೊರಗೆ ಮಾತ್ರ ಹಾಯಿಸಲಿ" ಎಂದರು. ಧಣಿ ಒಪ್ಪಲಿಲ್ಲ. ಆಗ ಮ್ಯಾನೇಜರ್ ಮುಂದೆ ಬಂದು, ಎಲ್ಲರಿಗೂ ಕೇಳಿಸುವಂತೆ, "ಇಲ್ಲಿ ಆಪರೇಟರ್ ಹೇಳಿದ ಹಾಗೆ ನಡೆಯಲಿ. ನಾನೂ ಅವರು ಹೇಳಿದ್ದನ್ನೇ ಮಾಡುತ್ತೇನೆ" ಎಂದುಬಿಟ್ಟರು. ಹುಡುಗನ ಕೈ ನಿಂತಿತು. ಬಾಗಿಲಿನ ಹೊರಗೆ ನೀರಿನ ಪರದೆ ಎದ್ದಿತು. ಸ್ವಲ್ಪ ಹೊತ್ತಿನಲ್ಲಿ ದ್ರವ ಅಮೋನಿಯಾ ತುಂಬಿದ ತೊಟ್ಟಿಯಾದ ರಿಸೀವರ್‌ನ ವಾಲ್ವ್ ಮುಚ್ಚಿತು. ನಮ್ಮ ಮ್ಯಾನೇಜರ್ ಸದಾ ಫೋನಿನಲ್ಲಿರುವ, ಯಾವುದಕ್ಕೂ ಮೇಲಿನವರನ್ನು ಕೇಳದೆ ಹೆಜ್ಜೆ ಇಡದ ಮನುಷ್ಯ. ಆ ಒಂದು ಮಾತಿಗಾಗಿ ಅವರ ಬಗೆಗಿನ ನನ್ನ ಗೌರವ ಬಹಳ ಹೆಚ್ಚಿತು.

ಅಂದಿನಿಂದ ನನ್ನ ತಲೆಯಲ್ಲಿ ಓಡುತ್ತಿರುವುದು ಇದೇ. ದುರಂತಗಳ ಕಥೆಯಲ್ಲಿ ನಾವು ಯಂತ್ರ ಕೆಟ್ಟದ್ದನ್ನು ನೆನಪಿಡುತ್ತೇವೆ, ಆಜ್ಞೆ ಎಲ್ಲಿ ಕಡಿದುಹೋಯಿತು ಎಂಬುದನ್ನು ಮರೆಯುತ್ತೇವೆ. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆ ಹೊತ್ತಿ ಉರಿದು 167 ಜನ ಸತ್ತರು. ಬೆಂಕಿ ಕಣ್ಣಿಗೆ ಕಾಣುತ್ತಿದ್ದರೂ ಪಕ್ಕದ ಎರಡು ವೇದಿಕೆಗಳು ಅದರತ್ತ ತೈಲ, ಅನಿಲ ಹರಿಸುವುದನ್ನು ತಕ್ಷಣ ನಿಲ್ಲಿಸಲಿಲ್ಲ. ನಿಲ್ಲಿಸುವ ನಿರ್ಧಾರ ತಮ್ಮದು ಎಂದು ಅಲ್ಲಿಯ ಯಾರಿಗೂ ಅನ್ನಿಸಲಿಲ್ಲ. ಉರಿಯುತ್ತಿದ್ದ ವೇದಿಕೆಯ ವಸತಿ ಭಾಗದಲ್ಲಿ ಎಷ್ಟೋ ಜನ ಹೊರಡುವ ಆದೇಶಕ್ಕಾಗಿ ಕಾಯುತ್ತಲೇ ಹೊಗೆಗೆ ಬಲಿಯಾದರು. ಆದೇಶ ಬರಲೇ ಇಲ್ಲ. ಬದುಕಿದವರಲ್ಲಿ ಹಲವರು ಕಾಯದೆ ಸಮುದ್ರಕ್ಕೆ ಹಾರಿದವರು. ನಮ್ಮಲ್ಲೇ 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಕಾರ್ಖಾನೆಯೊಂದರಿಂದ ಸ್ಟೈರೀನ್ ಎಂಬ ವಿಷಕಾರಿ ರಾಸಾಯನಿಕದ ಆವಿ ಸೋರಿದಾಗ ಸೈರನ್ ಇತ್ತು, ಕೂಗಲಿಲ್ಲ.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲಿ ಘಟನಾ ಸ್ಪಂದನ ವ್ಯವಸ್ಥೆಯ, ಅಂದರೆ ಅವಘಡದ ಹೊತ್ತಿನಲ್ಲಿ ಯಾರ ಮಾತು ನಡೆಯಬೇಕು, ಯಾರು ಏನು ಮಾಡಬೇಕು ಎಂದು ಗೊತ್ತುಪಡಿಸುವ ಪದ್ಧತಿಯ ಮಾರ್ಗಸೂಚಿ ಹೊರಡಿಸಿತು. ಇದರ ಬೇರು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1970ರಲ್ಲಿ ಕಾಡ್ಗಿಚ್ಚು ಹಬ್ಬಿದಾಗ ಹತ್ತಾರು ಇಲಾಖೆಗಳು ಒಬ್ಬರಿಗೊಬ್ಬರು ಅರ್ಥವಾಗದೆ ಒದ್ದಾಡಿದ್ದರಲ್ಲಿದೆ. ಅಲ್ಲಿ ರೂಪುಗೊಂಡ ಪದ್ಧತಿಯಲ್ಲಿ ಒಂದು ಮಾತು ನನಗೆ ಬಹಳ ಹಿಡಿಸಿದೆ. ದೊಡ್ಡ ಅಧಿಕಾರಿ ಬಂದ ಮಾತ್ರಕ್ಕೆ ಆಜ್ಞೆ ಅವರ ಕೈಗೆ ಹೋಗುವುದಿಲ್ಲ. ಸ್ಥಳದಲ್ಲಿರುವವನು ಪರಿಸ್ಥಿತಿ ವಿವರಿಸಿ, ಇನ್ನು ಮುಂದೆ ಯಾರ ಮಾತು ನಡೆಯಬೇಕು ಎಂದು ಎಲ್ಲರಿಗೂ ತಿಳಿಸಿದ ಮೇಲೆಯೇ ಅದು ಕೈ ಬದಲಾಯಿಸುತ್ತದೆ. ನಮ್ಮ ಸಮಾಜದಲ್ಲಿ ಇದು ಸುಲಭವಲ್ಲ. ಹಿರಿಯರ ಎದುರು, ಸಂಬಳ ಕೊಡುವವರ ಎದುರು ಬೇಡ ಎನ್ನಲು ನಾಲಿಗೆ ಏಳುವುದಿಲ್ಲ. ಆದ್ದರಿಂದಲೇ ಆ ಮಾತನ್ನು ಅವಘಡಕ್ಕೆ ಮೊದಲೇ, ಎಲ್ಲರೂ ಕುಳಿತಿರುವಾಗ, ಧಣಿಯೇ ಹೇಳಿಬಿಡಬೇಕು.

ಭೋಪಾಲದ ನಂತರ ಬಂದ 1989ರ ಅಪಾಯಕಾರಿ ರಾಸಾಯನಿಕ ನಿಯಮಗಳು ನಿಗದಿತ ಮಿತಿಗಿಂತ ಹೆಚ್ಚು ರಾಸಾಯನಿಕ ಇಟ್ಟುಕೊಳ್ಳುವ ದೊಡ್ಡ ಕಾರ್ಖಾನೆಗಳಿಗೆ ಆರು ತಿಂಗಳಿಗೊಮ್ಮೆ ಅಣಕು ಕಾರ್ಯಾಚರಣೆಯನ್ನು ಕಡ್ಡಾಯ ಮಾಡಿವೆ. ನಮ್ಮಂಥ ಸಣ್ಣ ಘಟಕದಲ್ಲಿರುವ ಅಮೋನಿಯಾ ಆ ಮಿತಿಗಿಂತ ಬಹಳ ಕಡಿಮೆ. ಆದರೆ ಕ್ಯಾಬಿನ್‌ನಲ್ಲಿ ಮಲಗಿದ್ದ ಹುಡುಗನಿಗೆ ಅಷ್ಟೇ ಸಾಕಾಗಿತ್ತು.

ಬುಧವಾರದಿಂದ ಗೇಟಿನಲ್ಲಿ ಚಾಲಕರಿಗೂ ಕ್ಲೀನರ್‌ಗಳಿಗೂ ಬೇರೆ ಪುಸ್ತಕ ಇಟ್ಟಿದ್ದಾರೆ. ಉತ್ತರದ ಬಾಗಿಲಿನ ಬಳಿ ಇನ್ನೊಂದು ಹಸಿರು ಫಲಕ ಬರಲಿದೆ, ಎರಡರಲ್ಲಿ ಯಾವುದು ಎಂಬುದನ್ನು ಗಾಳಿ ನೋಡಿ ಹೇಳಬೇಕು. ಶನಿವಾರದ ಪರಿಶೀಲನಾ ಸಭೆಯ ಪಟ್ಟಿಯಲ್ಲಿ ಮ್ಯಾನೇಜರ್, ಆಪರೇಟರ್, ಗುತ್ತಿಗೆದಾರ, ಸಣ್ಣ ಧಣಿ ಇದ್ದಾರೆ. ಅಕ್ಕನ ಹೆಸರಿಲ್ಲ. ಸೇರಿಸಬೇಕೆಂದು ಇಂದು ಬೆಳಗ್ಗೆ ಬರೆದು ಕೊಟ್ಟೆ. ಹೆಂಗಸರ ವಿಭಾಗದ ವರದಿಯನ್ನು ಲಿಖಿತವಾಗಿ ಪಡೆದರೆ ಸಾಲದೇ ಎಂದು ಕಚೇರಿಯಲ್ಲಿ ಕೇಳಿದರು. ಸಾಲದು ಎಂದೆ. ಗಾಳಿ ನೋಡಿದವರೂ ಅವರೇ, ಲಾರಿಯ ಬಗ್ಗೆ ಕೇಳಿದವರೂ ಅವರೇ. ಫಲಕ ಎಲ್ಲಿ ನೆಡಬೇಕು, ಪುಸ್ತಕ ಯಾರ ಕೈಯಲ್ಲಿರಬೇಕು ಎಂದು ಅವರನ್ನು ಬಿಟ್ಟು ಇನ್ನಾರು ಹೇಳಬೇಕು?