"ಮನೆ ಆಗಿಬಂತಾ?" ಅಂತ ಕೇಳುವವರಿಗೆ

ಒಂದು ವರ್ಷದಿಂದ ನನ್ನನ್ನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು. ಮದುವೆ ಊಟದಲ್ಲಿ ಪಕ್ಕದ ಎಲೆಯವರು ಕೇಳುತ್ತಾರೆ. ಹೂ ಮಾರುವ ಅಜ್ಜಿ ಮೊಳ ಅಳೆಯುತ್ತಾ ಕೇಳುತ್ತಾರೆ. ಹಾಸನದಿಂದ ಫೋನ್ ಮಾಡುವ ಚಿಕ್ಕಮ್ಮನಂತೂ ಹಲೋ ಅನ್ನುವ ಮೊದಲೇ ಶುರು ಮಾಡುತ್ತಾರೆ: "ಹೊಸ ಮನೆ ಆಗಿಬಂತೇನೇ?" ಉತ್ತರಕ್ಕೆ ಕಾಯುವುದೂ ಇಲ್ಲ. ಅತ್ತೆಯ ಕೈ, ಮಗಳ ಡೆಂಗಿ, ಇವರ ಕಿಡ್ನಿ ಕಲ್ಲು ಅಂತ ಬೆರಳು ಮಡಚಿ ಎಣಿಸಿ, "ಬಾಗಿಲು ಯಾವ ದಿಕ್ಕಿಗಿದೆ?" ಅಂತ ಮುಂದಿನ ಪ್ರಶ್ನೆ.

ದಕ್ಷಿಣಕ್ಕಿದೆ. ಹೇಳಿಬಿಡುತ್ತೇನೆ, ಮುಚ್ಚುಮರೆ ಯಾಕೆ? ಬಾಡಿಗೆ ಎರಡು ಸಾವಿರ ಕಮ್ಮಿ ಆಗಿದ್ದೂ ಅದಕ್ಕೇ.

ಆದರೆ ಪ್ರತಿಯೊಬ್ಬರಿಗೂ ನಿಂತು ಪೂರ್ತಿ ಕತೆ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಇನ್ನು ಯಾರಾದರೂ ಕೇಳಿದರೆ ಇದನ್ನೇ ವಾಟ್ಸಾಪ್ ಮಾಡಿಬಿಡುವುದು.

ಮೊದಲು, ಯಾಕೆ ಮನೆ ಬಿಟ್ಟೆವು ಅನ್ನುವುದು. ನಾವು ಹನ್ನೊಂದು ವರ್ಷ ಇದ್ದದ್ದು ಬೆಂಗಳೂರಿನ ಹೊರಮಾವು ಕಡೆ, ಎರಡನೇ ಮಹಡಿಯ ಒಂದು ಬಾಡಿಗೆ ಮನೆಯಲ್ಲಿ. ಬಿಲ್ಡಿಂಗಿಗೆಲ್ಲ ಒಂದೇ ಬೋರ್‌ವೆಲ್. 2024ರ ಫೆಬ್ರವರಿ ಕೊನೆಗೆ ಅದು ಕೆಮ್ಮಲು ಶುರು ಮಾಡಿತು, ಮಾರ್ಚಿನಲ್ಲಿ ಪೂರ್ತಿ ನಿಂತಿತು. ಆ ಬೇಸಿಗೆ ನಿಮಗೂ ನೆನಪಿರಬೇಕು. ಕಾರು ತೊಳೆಯಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ನಮಗೆ ಕಾರೂ ಇರಲಿಲ್ಲ, ನೀರೂ ಇರಲಿಲ್ಲ. ಸರ್ಕಾರ ಟ್ಯಾಂಕರಿಗೆ ದರ ಕಟ್ಟಿತು, ಐದು ಕಿಲೋಮೀಟರ್ ಒಳಗಾದರೆ 12,000 ಲೀಟರಿಗೆ 1,000 ರೂಪಾಯಿ ಅಂತ. ಒಳ್ಳೆಯ ದರವೇ. ಆದರೆ ಆ ದರಕ್ಕೆ ನಮ್ಮ ಬೀದಿಗೆ ಬರುವ ಟ್ಯಾಂಕರ್ ಮಾತ್ರ ಸಿಗಲಿಲ್ಲ.

ಆಗ ಇವರು ಮೂರು ನೀಲಿ ಪ್ಲಾಸ್ಟಿಕ್ ಡ್ರಮ್ ತಂದರು. ಒಂದೊಂದೂ 200 ಲೀಟರಿನದು. ಬಾಲ್ಕನಿಯಲ್ಲಿ ಎರಡು, ಬಚ್ಚಲಲ್ಲಿ ಒಂದು. ನೀರು ಬಂದಾಗ ತುಂಬಿಸುವುದು, ಇಲ್ಲದಾಗ ಚೊಂಬಿನಲ್ಲಿ ಲೆಕ್ಕ ಹಾಕಿ ತೆಗೆಯುವುದು. ಈ ಡ್ರಮ್ಮುಗಳನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಅತ್ತೆ ಒಂದು ದಿನ ಅಕ್ಕಿ ತೊಳೆದ ನೀರಲ್ಲಿ ಪಾತ್ರೆ ತೊಳೆದು, ಅದೇ ನೀರನ್ನು ತುಳಸಿಗೆ ಹಾಕಲು ಹೋಗಿ, ಎಂಜಲು ನೀರು ಅಂತ ನೆನಪಾಗಿ ನಿಂತುಬಿಟ್ಟರು. ಅವತ್ತೇ ತೀರ್ಮಾನ ಆಯಿತು ಅಂದುಕೊಳ್ಳಿ. ವಿಜಯನಗರದ ಕಡೆ ಕಾವೇರಿ ನಲ್ಲಿ ಇರುವ ಮನೆ ನೋಡಿದೆವು. ಇವರ ಆಫೀಸು ವೈಟ್‌ಫೀಲ್ಡ್ ಕಡೆ, ಊರಿನ ಆ ತುದಿ. ಆದರೆ 2023ರ ಅಕ್ಟೋಬರಿನಿಂದ ನೇರಳೆ ಮೆಟ್ರೋ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ತನಕ ಒಂದೇ ಎಳೆಯಲ್ಲಿ ಓಡುತ್ತಿದೆಯಲ್ಲ, ಗಂಟೆಗಿಂತ ಜಾಸ್ತಿ ಹಿಡಿದರೂ ಕೂತು ಹೋಗಬಹುದು ಅಂದರು. ಕೂರಲು ಸೀಟು ಸಿಗುತ್ತದೆ ಅನ್ನುವುದು ಅವರ ನಂಬಿಕೆ.

ದುಡ್ಡಿನ ವಿಷಯ ಹೆಚ್ಚು ಹೇಳುವುದಿಲ್ಲ. ಹೊಸ ಮನೆಗೆ ಹತ್ತು ತಿಂಗಳ ಅಡ್ವಾನ್ಸ್ ಮೊದಲೇ ಕೊಡಬೇಕು, ಹಳೆಯದು ವಾಪಸ್ ಬರುವುದು ಮನೆ ಖಾಲಿ ಮಾಡಿದ ಮೇಲೆ. ಬರುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹೋಗಿತ್ತು. ಬೆಂಗಳೂರಿನಲ್ಲಿ ಬಾಡಿಗೆಗೆ ಇರುವವರಿಗೆ ಇದು ಗೊತ್ತು, ಇಲ್ಲದವರಿಗೆ ಎಷ್ಟು ಹೇಳಿದರೂ ಅರ್ಥ ಆಗುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಹೋಗಿ ಹಾಲು ಉಕ್ಕಿಸಿದೆವು. ಸಿಲಿಂಡರ್ ಇನ್ನೂ ಬಂದಿರಲಿಲ್ಲ, ಇಂಡಕ್ಷನ್ ಸ್ಟವ್ ಒಯ್ದಿದ್ದೆವು. ಹಾಲು ಚೆನ್ನಾಗಿಯೇ ಉಕ್ಕಿತು, ಪೂರ್ವ ದಿಕ್ಕಿಗೇ ಉಕ್ಕಿತು, ಸ್ಟವ್ ಒಳಗೂ ಇಳಿದು ಅದು ಟುಸ್ ಅಂದಿತು. ಚಿಕ್ಕಮ್ಮನ ಲೆಕ್ಕದಲ್ಲಿ ಮೊದಲ ಅಪಶಕುನ ಇದು.

ಸಾಮಾನು ಸಾಗಿಸಿದ್ದು ಜೂನ್ 2, ಭಾನುವಾರ. ಆ ದಿನವನ್ನು ಯಾರು ಆರಿಸಿದರು ಅಂತ ಕೇಳಬೇಡಿ, ನಾನೇ. ಆಷಾಢ ಬರುವಷ್ಟರಲ್ಲಿ ಹೋಗಿಬಿಡೋಣ ಅಂತ. ಮಧ್ಯಾಹ್ನ ಟೆಂಪೋ ಬರಬೇಕಿತ್ತು, ಬಂದಾಗ ನಾಲ್ಕು ಗಂಟೆ. ದಾರಿಯಲ್ಲೇ ಮಳೆ ಹಿಡಿಯಿತು. ಎಂಥ ಮಳೆ! ಮಾರನೆಯ ದಿನ ಪೇಪರಿನಲ್ಲಿ ಓದಿದೆವು, 111 ಮಿಲಿಮೀಟರ್, 133 ವರ್ಷಗಳಲ್ಲಿ ಜೂನ್ ತಿಂಗಳ ಒಂದೇ ದಿನಕ್ಕೆ ಬೆಂಗಳೂರಿನಲ್ಲಿ ಬಿದ್ದ ಅತಿ ದೊಡ್ಡ ಮಳೆಯಂತೆ. ಟಾರ್ಪಾಲ್ ಹಾಸಿಗೆಯ ಅರ್ಧವನ್ನು ಮುಚ್ಚಿತ್ತು, ಇನ್ನರ್ಧ ನಮ್ಮ ಹಣೆಬರಹ. ಸಾಮಾನಿನ ಮೇಲೆ ನಿಲ್ಲಿಸಿ ಕಟ್ಟಿದ್ದ ಡ್ರಮ್ಮುಗಳಲ್ಲಿ ಇಳಿಸುವಾಗ ಗೇಣುದ್ದ ನೀರು. ಅತ್ತೆ ಬಾಗಿಲಲ್ಲಿ ನಿಂತು, "ಮೂರು ತಿಂಗಳು ನೀರಿಲ್ಲ ಅಂತ ಅತ್ತಿದ್ದಕ್ಕೆ ದೇವರು ಒಂದೇ ಸಲ ಕೊಟ್ಟ ನೋಡು" ಅಂದರು. ನೆನೆದು ತೊಪ್ಪೆಯಾಗಿದ್ದ ಟೆಂಪೋ ಹುಡುಗರೂ ನಕ್ಕರು.

ಡ್ರಮ್ ಬಿಸಾಡೋಣ ಅಂದರೆ ಇವರಿಗೆ ಮನಸ್ಸಾಗಲಿಲ್ಲ. "ಇರಲಿ, ಮುಂದಿನ ಬೇಸಿಗೆಗೆ ಬೇಕಾಗುತ್ತೆ." ಟೆರೇಸಿನ ಮೂಲೆಗೆ ಹೋದವು. ಒಂದಕ್ಕೆ ಮುಚ್ಚಳ ಇತ್ತು. ಇನ್ನೆರಡರ ಮುಚ್ಚಳ ದಾರಿಯಲ್ಲಿ ಎಲ್ಲಿ ಹಾರಿದವೋ.

ಎರಡನೇ ವಾರ ಅತ್ತೆ ಬಿದ್ದರು. ರಾತ್ರಿ ಎರಡೂವರೆಗೆ ಎದ್ದು ಬಚ್ಚಲಿಗೆ ಹೊರಟಿದ್ದಾರೆ, ಲೈಟ್ ಹಾಕಿಲ್ಲ, ಎಂದೂ ಹಾಕಿದವರಲ್ಲ. ಹಳೆಯ ಮನೆಯಲ್ಲಿ ಕೋಣೆಯಿಂದ ಹೊರಗೆ ಬಂದು ಎಡಕ್ಕೆ ತಿರುಗಿದರೆ ಬಚ್ಚಲು. ಇಲ್ಲಿ ಅದು ಬಲಕ್ಕೆ. ಎಡಕ್ಕೆ ಇರುವುದು ಅಡುಗೆಮನೆ, ಒಂದು ಮೆಟ್ಟಿಲು ಕೆಳಗೆ. ಹನ್ನೊಂದು ವರ್ಷ ನಡೆದ ಕಾಲು ತನ್ನಷ್ಟಕ್ಕೆ ಎಡಕ್ಕೇ ಹೋಯಿತು. ಬೀಳುವಾಗ ಅಂಗೈ ಊರಿದ್ದಾರೆ, ಎಡ ಮಣಿಕಟ್ಟು ಮುರಿಯಿತು. ವಯಸ್ಸಾದ ಹೆಂಗಸರಲ್ಲಿ ಮೂಳೆ ತೆಳ್ಳಗಾಗಿರುತ್ತದೆ, ಕೈ ಊರಿ ಬಿದ್ದರೆ ಮೊದಲು ಮುರಿಯುವ ಜಾಗಗಳಲ್ಲಿ ಇದೂ ಒಂದು ಅಂತ ಡಾಕ್ಟರು ಹೇಳಿದರು. ಮೂಳೆ ಎಳೆದು ಕೂರಿಸಿ, ಆರು ವಾರ ಪ್ಲಾಸ್ಟರ್.

ಚಿಕ್ಕಮ್ಮ ಫೋನಿನಲ್ಲಿ, "ನೋಡಿದ್ಯಾ, ದಕ್ಷಿಣದ ಬಾಗಿಲು" ಅಂದರು. ದಕ್ಷಿಣದ ಬಾಗಿಲು ನಡುಮನೆಯ ಆ ಕಡೆ, ಬೀಗ ಹಾಕಿಕೊಂಡು ತನ್ನ ಪಾಡಿಗೆ ತಾನಿತ್ತು. ನಾನು ಮಾರನೆಯ ದಿನ ರಾತ್ರಿಯೆಲ್ಲ ಉರಿಯುವ ಚಿಕ್ಕ ಎಲ್‌ಇಡಿ ದೀಪ ಮೂರು ತಂದು ಪ್ಲಗ್ಗಿಗೆ ಹಾಕಿದೆ, ಅತ್ತೆಯ ದಿಂಬಿನ ಪಕ್ಕ ಟಾರ್ಚ್ ಇಟ್ಟೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಪಾತ್ರೆಗಳನ್ನು ಎಲ್ಲಿ ಜೋಡಿಸಬೇಕು ಅಂತ ನಾಲ್ಕು ದಿನ ತಲೆ ಕೆಡಿಸಿಕೊಂಡವಳಿಗೆ, ಎಪ್ಪತ್ತು ದಾಟಿದವರು ಕತ್ತಲಲ್ಲಿ ಹೇಗೆ ಓಡಾಡುತ್ತಾರೆ ಅಂತ ಹೊಳೆಯಲೇ ಇಲ್ಲ.

ಆದರೆ ಆ ಆರು ವಾರ ನಮ್ಮ ಮನೆಯ ಬೆಳಗು ಹೇಗಿತ್ತು ಅಂತ ಯಾರೂ ಕೇಳುವುದಿಲ್ಲ ನೋಡಿ. ಅತ್ತೆಗೆ ಒಂದು ಕೈಯಲ್ಲಿ ಜಡೆ ಹಾಕಿಕೊಳ್ಳಲು ಆಗುವುದಿಲ್ಲ. ಹನ್ನೆರಡು ವರ್ಷದ ನನ್ನ ಮಗಳು ಸ್ಕೂಲಿಗೆ ಹೊರಡುವ ಮೊದಲು ಅಜ್ಜಿಯನ್ನು ಕೂರಿಸಿಕೊಂಡು ಎಣ್ಣೆ ಹಚ್ಚಿ, ಬಾಚಿ, ಸಣ್ಣ ಹೆಣಿಗೆ ಹೆಣೆಯುತ್ತಿದ್ದಳು. ಯೂಟ್ಯೂಬ್ ನೋಡಿ ಒಂದೊಂದು ದಿನ ಒಂದೊಂದು ಥರ. ಒಮ್ಮೆ ಫ್ರೆಂಚ್ ಜಡೆ ಹಾಕಿಸಿಕೊಂಡು ಅತ್ತೆ ಅದೇ ಜಡೆಯಲ್ಲಿ ದೇವಸ್ಥಾನಕ್ಕೆ ಹೋಗಿ ಬಂದರು. ಅರ್ಚಕರು ಎರಡು ಸಲ ನೋಡಿದರಂತೆ.

ಪ್ಲಾಸ್ಟರ್ ತೆಗೆದು ಎರಡೇ ದಿನ. ಮಗಳಿಗೆ ಜ್ವರ. 103, ಕಣ್ಣಿನ ಹಿಂದೆ ನೋವು, ಮೈಕೈ ನುರಿದ ಹಾಗೆ. ಜುಲೈ ಕೊನೆ, ಊರೆಲ್ಲ ಡೆಂಗಿ. ಆ ವರ್ಷ ಎಷ್ಟಿತ್ತೆಂದರೆ ಸರ್ಕಾರವೇ ಟೆಸ್ಟಿಗೆ ದರ ಕಟ್ಟಿತ್ತು, ಎನ್‌ಎಸ್1 ಎಲೈಸಾ ಅನ್ನುವ ರಕ್ತಪರೀಕ್ಷೆಗೆ 300 ರೂಪಾಯಿ. ಮಾಡಿಸಿದೆವು, ಪಾಸಿಟಿವ್.

ಡೆಂಗಿಯಲ್ಲಿ ನನಗೆ ಗೊತ್ತಿಲ್ಲದೆ ಇದ್ದದ್ದು ಒಂದು: ಜ್ವರ ಬಿಟ್ಟಾಗಲೇ ಹುಷಾರಾಗಿರಬೇಕು. ನಾಲ್ಕನೇ ದಿನ ಜ್ವರ ಇಳಿಯಿತು, ನಾನು ಖುಷಿಯಿಂದ ತಿಳಿಸಾರು ಅನ್ನ ಮಾಡಿದೆ. ಡಾಕ್ಟರು, "ಈಗಿಂದ ಎರಡು ದಿನ ಕಣ್ಣಿಟ್ಟಿರಿ" ಅಂದರು. ಹೊಟ್ಟೆನೋವು, ಬಿಡದ ವಾಂತಿ, ಒಸಡಲ್ಲಿ ರಕ್ತ, ತೀರಾ ಸುಸ್ತು, ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ಕರೆದುಕೊಂಡು ಬನ್ನಿ ಅಂತ. ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟರೆ ಬೇರೆ ನೋವಿನ ಮಾತ್ರೆ ಬೇಡ, ಐಬುಪ್ರೊಫೇನ್, ಆಸ್ಪಿರಿನ್ ಕೊಟ್ಟರೆ ರಕ್ತ ಸೋರುವ ಅಪಾಯ ಹೆಚ್ಚು. ಪ್ಲೇಟ್‌ಲೆಟ್ ಒಂದು ಲಕ್ಷ ಹತ್ತು ಸಾವಿರದಿಂದ 62,000ಕ್ಕೆ ಇಳಿಯಿತು. ನನ್ನ ಕೈಕಾಲು ತಣ್ಣಗಾಯಿತು. ಫೋನ್ ತುಂಬ ಪಪ್ಪಾಯಿ ಎಲೆ ರಸ, ಕಿವಿ ಹಣ್ಣು. ರಕ್ತಸ್ರಾವ ಇಲ್ಲದಿದ್ದರೆ ಹತ್ತು ಸಾವಿರಕ್ಕಿಂತ ಕೆಳಗೆ ಹೋಗುವ ತನಕ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಏರಿಸುವುದಿಲ್ಲ, ಸುಮ್ನೆ ನೀರು, ಗಂಜಿ, ಎಳನೀರು ಕುಡಿಸುತ್ತಾ ಇರಿ ಅಂದರು ಡಾಕ್ಟರು. ಅತ್ತೆ ಇನ್ನೂ ಬಿಗಿದುಕೊಂಡಿದ್ದ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು, ಬಲಗೈಯಲ್ಲಿ ಚಮಚ ಹಿಡಿದು, ಗಂಟೆಗೊಂದು ಸಲ ಗಂಜಿ ಕುಡಿಸಿದರು. ಅರ್ಧ ಚಮಚ ಕುಡಿದರೆ ಒಂದು ಕತೆ. ಏಳನೇ ದಿನ 90,000, ಒಂಬತ್ತನೇ ದಿನ ಒಂದೂವರೆ ಲಕ್ಷ.

ಆ ನಡುವೆಯೇ ಆರೋಗ್ಯ ಇಲಾಖೆಯ ಕಡೆಯಿಂದ ಇಬ್ಬರು ಹೆಂಗಸರು ಮನೆ ಮನೆ ನೋಡುತ್ತಾ ಬಂದರು. ಫ್ರಿಜ್ ಹಿಂದಿನ ತಟ್ಟೆ ನೋಡಿದರು, ಗಿಡದ ಕುಂಡದ ಕೆಳಗೆ ನೋಡಿದರು. "ಟೆರೇಸಿನಲ್ಲಿ ಏನಾದರೂ ಇದೆಯಾ ಮೇಡಂ?" ಅಂದರು. ಏನೂ ಇಲ್ಲ ಅಂದೆ. ಹತ್ತಿ ನೋಡಿದರೆ ನಮ್ಮ ನೀಲಿ ಡ್ರಮ್ಮು. ಮಳೆ ನೀರು ತುಂಬಿ ಕನ್ನಡಿಯ ಹಾಗಿದೆ. ಟಾರ್ಚ್ ಬಿಟ್ಟು ತೋರಿಸಿದರು. ದಾರದ ತುಂಡಿನಂಥ ಹುಳಗಳು ಕುಣಿಯುತ್ತಿದ್ದವು, ನೂರಾರು.

ಅವರಲ್ಲಿ ಒಬ್ಬಾಕೆ ಹೇಳಿದ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಅಂಚಿಗೆ, ಪಾತ್ರೆಯ ಗೋಡೆಗೆ ಅಂಟಿಸಿ. ನೀರು ಚೆಲ್ಲಿದರೆ ಸಾಲದು. ಒಣಗಿದರೂ ಮೊಟ್ಟೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ, ಮತ್ತೆ ನೀರು ತಾಗಿದಾಗ ಒಡೆಯುತ್ತದೆ. ವಾರ ಹತ್ತು ದಿನಕ್ಕೆ ಹಾರುವ ಸೊಳ್ಳೆ. ಬ್ರಷ್ ಹಾಕಿ ಉಜ್ಜಬೇಕು. ನಾವು ಹೊರಮಾವಿನಲ್ಲಿ ನೀರು ಉಳಿಸುವ ಭರದಲ್ಲಿ ಒಂದು ಸಲವೂ ಡ್ರಮ್ ಉಜ್ಜಿರಲಿಲ್ಲ. ಅಂದರೆ ಮೊಟ್ಟೆಗಳು ನಮ್ಮ ಜೊತೆಯೇ ಟೆಂಪೋ ಹತ್ತಿ ಬಂದಿದ್ದರೂ ಬಂದಿರಬಹುದು. ಬೀದಿಯಲ್ಲಿ ಇನ್ನೂ ಇಬ್ಬರಿಗೆ ಡೆಂಗಿ ಇತ್ತು, ಮಗಳನ್ನು ಕಚ್ಚಿದ ಸೊಳ್ಳೆ ಯಾರ ಮನೆಯದು ಅಂತ ಯಾರೂ ಹೇಳಲಾರರು, ಅದಕ್ಕೆ ವೈರಸ್ಸು ಬೇರೆ ರೋಗಿಯಿಂದಲೇ ಬಂದಿರಬೇಕು. ಆದರೂ ಆ ಮಧ್ಯಾಹ್ನ ತೆಂಗಿನ ನಾರಿನ ಬ್ರಷ್ ಹಿಡಿದು ಡ್ರಮ್ಮಿನೊಳಗೆ ತಲೆ ತೂರಿಸಿ ಉಜ್ಜುವಾಗ ನಾನು ಬೈದುಕೊಂಡದ್ದು ಮನೆಯನ್ನಲ್ಲ.

ಇವರ ಕಿಡ್ನಿ ಕಲ್ಲಿನ ಕತೆ ಚಿಕ್ಕದು. ಗಣೇಶನ ಹಬ್ಬ ಕಳೆದ ವಾರ, ನಡುರಾತ್ರಿ, ಸೊಂಟ ಹಿಡಿದುಕೊಂಡು ನೆಲದ ಮೇಲೆ ಉರುಳಾಡಿದರು. ಐದು ಮಿಲಿಮೀಟರ್. ತಾನೇ ಬೀಳುತ್ತದೆ, ನೀರು ಕುಡಿಯಿರಿ ಅಂದರು ಡಾಕ್ಟರು. ಬೇಸಿಗೆಯಲ್ಲಿ ನೀರು ಕಮ್ಮಿ ಕುಡಿದಿದ್ದಿರಾ ಅಂತ ಅವರು ಕೇಳಿದಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಮೂರು ವಾರ ಬಾಳೆದಿಂಡಿನ ಪಲ್ಯ, ಬಾಳೆದಿಂಡಿನ ಮೊಸರು ಬಜ್ಜಿ. ಕಲ್ಲು ಬಿತ್ತು. ದಿಂಡಿನಿಂದಲೋ ನೀರಿನಿಂದಲೋ, ಅತ್ತೆಯ ಪ್ರಕಾರ ದಿಂಡಿನಿಂದ.

ಇಷ್ಟಾದ ಮೇಲೆ ಬೂದುಗುಂಬಳ ಕಟ್ಟಿದಿರಾ ಅಂತ ಕೇಳುತ್ತೀರಿ. ಕಟ್ಟಿದೆವು ಸ್ವಾಮಿ, ಚಿಕ್ಕಮ್ಮ ಬಂದು ತಾವೇ ನಿಂತು ಕಟ್ಟಿಸಿದರು. ಈಗಲೂ ಬಾಗಿಲ ಮೇಲೆ ನೇತಾಡುತ್ತಿದೆ, ಮಗಳು ಅದಕ್ಕೊಂದು ಹೆಸರೂ ಇಟ್ಟಿದ್ದಾಳೆ. ನನಗೇನೂ ತಕರಾರಿಲ್ಲ. ಆದರೆ ಡ್ರಮ್ ಉಜ್ಜುವ ಕೆಲಸ ಕುಂಬಳಕಾಯಿಯದಲ್ಲ. ನಮ್ಮನ್ನು ಕಾಡಿದ್ದರಲ್ಲಿ ಮುಕ್ಕಾಲು ಪಾಲು ಹಳೆಯ ಮನೆಯಿಂದ ನಾವೇ ಕಟ್ಟಿಕೊಂಡು ಬಂದದ್ದು. ಈ ಮನೆ ಪಾಪ, ಬಾಗಿಲು ತೆರೆದು ಒಳಗೆ ಕರೆದುಕೊಂಡಿತು ಅಷ್ಟೇ.

ತಮಾಷೆ ಏನು ಗೊತ್ತಾ? ಅಕ್ಟೋಬರ್ 16ಕ್ಕೆ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆ ಆಯಿತು. ದಿನಕ್ಕೆ 775 ದಶಲಕ್ಷ ಲೀಟರ್, ನಗರದ ಅಂಚಿನ 110 ಹಳ್ಳಿಗಳಿಗೆ. ಅವತ್ತು ಸಂಜೆಯೇ ಹಳೆಯ ಪಕ್ಕದ ಮನೆಯಾಕೆ ಫೋನ್ ಮಾಡಿ, "ಇನ್ನು ನಮಗೂ ಕಾವೇರಿ ಬರುತ್ತಂತೆ, ವಾಪಸ್ ಬಂದ್ಬಿಡ್ರೀ" ಅಂದರು. ಇನ್ನೊಂದು ಸಲ ಟೆಂಪೋ ಅಂದರೆ ಇವರು ಕೈ ಮುಗಿಯುತ್ತಾರೆ.

ಇಲ್ಲಿ ಏನು ಚೆಂದ ಅಂದರೆ, ಬೀದಿ. ಡಿಸೆಂಬರಿನಲ್ಲಿ ಅವರೆಕಾಯಿ ಬಂತು ನೋಡಿ, ಮಧ್ಯಾಹ್ನ ಮೂರಕ್ಕೆ ಕೆಳಗಿನ ಮೆಟ್ಟಿಲ ಮೇಲೆ ನಾಲ್ಕು ಮನೆಯ ಹೆಂಗಸರು ಮೊರ ಹಿಡಿದು ಕೂರುತ್ತಾರೆ. ಸುಲಿಯುವುದು, ನೆನೆಸಿದ್ದನ್ನು ಹಿತುಕುವುದು, ಸೊಸೆಯರ ಬಗ್ಗೆ ಹೇಳಿಕೊಳ್ಳುವುದು. ಹಿತುಕಿದರೆ ಬೆರಳಿಗೆ ಒಳ್ಳೆಯ ವ್ಯಾಯಾಮ ಅಂತ ಅತ್ತೆ ಎಡಗೈಯಲ್ಲೇ ಹಿತುಕುತ್ತಾರೆ. ಫಿಸಿಯೋಥೆರಪಿಗೆ ಕೊಟ್ಟ ಸ್ಪಂಜಿನ ಚೆಂಡು ಅಟ್ಟ ಸೇರಿದೆ. ನನ್ನ ಬಗ್ಗೆ ಏನು ಹೇಳುತ್ತಾರೋ ಗೊತ್ತಿಲ್ಲ, ನಾನು ಇಳಿದು ಹೋದರೆ ಮಾತು ಅವರೆಕಾಯಿ ರೇಟಿಗೆ ತಿರುಗುತ್ತದೆ. ಇವರಿಗೆ ಮೆಟ್ರೋದಲ್ಲಿ ಸೀಟು ಸಿಗುವುದು ವಾರಕ್ಕೆ ಎರಡು ದಿನ.

ಫೆಬ್ರವರಿಯಲ್ಲಿ ಆ ಹಳೆಯ ಪಕ್ಕದ ಮನೆಯಾಕೆಯ ಮಗಳ ಸೀಮಂತ, ಅವರ ಮನೆಯಲ್ಲೇ. ಹೋದವರು ತಡವಾಯಿತು ಅಂತ ಅಲ್ಲೇ ಉಳಿದೆವು. ನಾವಿದ್ದ ಮನೆಯದೇ ಪ್ಲಾನ್, ಕೋಣೆಯಿಂದ ಬಂದು ಎಡಕ್ಕೆ ತಿರುಗಿದರೆ ಬಚ್ಚಲು. ರಾತ್ರಿ ಎರಡೂವರೆಗೆ ಏನೋ ಸದ್ದಾಗಿ ಎದ್ದು ನೋಡಿದರೆ, ಅತ್ತೆ ಕೈಯಲ್ಲಿ ಟಾರ್ಚ್ ಹಿಡಿದುಕೊಂಡು ಬಲಗಡೆಯ ದೇವರಮನೆ ಬಾಗಿಲ ಚಿಲಕ ತೆಗೆಯಲು ಒದ್ದಾಡುತ್ತಿದ್ದರು.

"ಅತ್ತೆ, ಎಡಕ್ಕೆ" ಅಂದೆ.

"ಅಯ್ಯೋ, ಇದು ನಮ್ಮನೆ ಅಲ್ವಲ್ಲ" ಅಂದರು.