ಸೋಯಾ ಹೊಲದಲ್ಲಿ ಗಾಲಿ ಮನೆಗಳು

ಬೀದರ್, ಡಿಸೆಂಬರ್ 14, 2025, ಭಾನುವಾರ

ಬರುವ ಶುಕ್ರವಾರ ಎಳ್ಳ ಅಮವಾಸ್ಯೆ. ಗುರುವಾರ ಸಂಜೆಯೊಳಗೆ ನಮ್ಮ ಹೊಲಕ್ಕೆ ಹನ್ನೊಂದು ಗಾಡಿಗಳು ಬರಬೇಕು. ಭಾನುವಾರದ ತನಕ ಇರುತ್ತಾರೆ. ಇವರು ರಜೆ ಹಾಕಿ ಟೂರ್ ಹೊರಟವರಲ್ಲ, ವರ್ಷಪೂರ್ತಿ ಗಾಡಿಯಲ್ಲೇ ಸಂಸಾರ ಮಾಡುವವರು. ಕೆಲವರು ಮನೆ ಮಾರಿದ್ದಾರೆ, ಕೆಲವರು ಬಾಡಿಗೆಗೆ ಕೊಟ್ಟಿದ್ದಾರೆ. ಹಾಸಿಗೆ, ಒಲೆ, ಫ್ರಿಜ್ಜು, ಆಫೀಸು ಎಲ್ಲ ಒಂದು ಟ್ರಾವೆಲರ್ ವ್ಯಾನಿನ ಒಳಗೆ. ಹಂಪಿಯಲ್ಲಿ ಕೆಲವರ ಪರಿಚಯವಾಗಿತ್ತು. ಚಳಿಗಾಲದಲ್ಲಿ ಎಲ್ಲಾದರೂ ಸೇರೋಣ ಅಂತ ಮಾತು ಬಂದಾಗ "ನಮ್ಮ ಕಡೆ ಬರ್ರಿ" ಅಂದೆ. ಅಪ್ಪನಿಗೆ ಹೇಳಿದರೆ ಅವರು ಕೇಳಿದ್ದು ಒಂದೇ: "ಬೀಗರೇನು, ಸರ್ಕಸ್ಸಿನವರೇನು?"

ಅಣ್ಣ ಮಾತ್ರ ಸುದ್ದಿ ಗೊತ್ತಾದ ದಿನದಿಂದ ಪಟ್ಟಿ ಬರೆಯುತ್ತಿದ್ದಾನೆ. ಮೊದಲ ದಿನ ಕೋಟೆ, ಗವಾನ್ ಮದರಸಾ. ಮರುದಿನ ಅಷ್ಟೂರಿನ ಗುಮ್ಮಟಗಳು, ಮಧ್ಯಾಹ್ನ ಬಸವಕಲ್ಯಾಣ. ಶಾಮಿಯಾನ, ಮೈಕು, ಮುಖ್ಯ ಅತಿಥಿ, ಎಲ್ಲರಿಗೂ ಶಾಲು. ನಮ್ಮ ಕಡೆ ನಾಲ್ಕು ಜನ ಸೇರಿದರೆ ಒಬ್ಬರಿಗಾದರೂ ಸನ್ಮಾನ ಆಗಲೇಬೇಕು, ಬಿಡಿ. ಇವತ್ತು ಮುಂಜಾನೆ ಚಹಾ ಹೊತ್ತಿಗೆ, ಬರುವವರು ತುಂಬಿ ಕಳಿಸಿದ ಫಾರಂಗಳನ್ನು ಅವನ ಮುಂದೆ ಇಟ್ಟೆ. "ಇಲ್ಲಿ ನಿಮಗೆ ಏನು ಬೇಕು?" ಅನ್ನುವ ಪ್ರಶ್ನೆಗೆ ಒಬ್ಬರೂ ಕೋಟೆ ಅಂತ ಬರೆದಿಲ್ಲ. ನೀರು ಎಲ್ಲಿ ತುಂಬಿಸೋದು? ಟಾಯ್ಲೆಟ್ ಎಲ್ಲಿ ಖಾಲಿ ಮಾಡೋದು? ನೆಲ ಸಮ ಇದೆಯಾ? ಬಿಸಿಲು ಎಷ್ಟು ಹೊತ್ತು ಬೀಳುತ್ತೆ? ನಾಯಿ ಜೊತೆ ಒಂಟಿಯಾಗಿ ಇರುವ ಒಬ್ಬರು ಬರೆದದ್ದು ಇನ್ನೂ ಚಿಕ್ಕದು: "ಒಂದಿಷ್ಟು ದಿನ ಗಾಡಿ ಸ್ಟಾರ್ಟ್ ಮಾಡಬಾರದು. ರಾತ್ರಿ ಒಂದು ಲೈಟ್ ಇರಲಿ."

ದಿನಾ ತಿರುಗುವವರಿಗೆ ಮತ್ತೆ ತಿರುಗಾಟ ಮಾಡಿಸುವುದು ಎಂಥ ಉಪಚಾರ? ಅವರಿಗೆ ಬೇಕಾದದ್ದು ನಿಲ್ಲೋಕೆ ಜಾಗ, ತಮ್ಮಂಥವರ ಜೊತೆ ಮಾತು. ಮದರಸಾ 1472ರಿಂದ ಅಲ್ಲೇ ಇದೆ. ಮನಸ್ಸಾದವರು ಆಟೋ ಹಿಡಿದು ಹೋಗಿ ಬರುತ್ತಾರೆ. ಅಣ್ಣ ಮುಖ ಸಣ್ಣಗೆ ಮಾಡಿಕೊಂಡ, ಆದರೆ ಪಟ್ಟಿ ಮಡಚಿ ಜೇಬಿಗಿಟ್ಟ.

ಜಾಗದ ವಿಷಯದಲ್ಲಿ ಅಪ್ಪನದೇ ಕೊನೆ ಮಾತು. ಕಮಠಾಣ ರಸ್ತೆಯ ನಮ್ಮ ಹೊಲದಲ್ಲಿ ಎರಡು ನಮೂನೆ ನೆಲ. ತಗ್ಗಿಗೆ ಎರೆ, ಮೇಲಕ್ಕೆ ಕೆಂಪು. ರಸ್ತೆಗೆ ಹತ್ತಿರ ಅಂತ ಅಣ್ಣ ಎರೆ ಕಡೆ ಕೈ ತೋರಿಸಿದ. ಅಪ್ಪ ನಕ್ಕರು. ಡಿಸೆಂಬರ್‌ನಲ್ಲೂ ಒಮ್ಮೊಮ್ಮೆ ಮೋಡ ಹಾಕಿ ಮಳೆ ಬೀಳುತ್ತೆ. ಎರೆ ಮಣ್ಣು ಸ್ವಲ್ಪ ನೆನೆದರೂ ಭಾರದ ಗಾಡಿಯ ಗಾಲಿ ಕೂತುಬಿಡುತ್ತೆ, ಆಮೇಲೆ ಟ್ರ್ಯಾಕ್ಟರ್ ಕಟ್ಟಿಯೇ ಎಳೆಯಬೇಕು. ಮೇಲಿನ ಹೊಲದಲ್ಲಿ ಮುರುಮು, ಅಂದರೆ ಗರಸು ಮಣ್ಣು, ಜಾಸ್ತಿ, ನೀರು ನಿಲ್ಲಲ್ಲ. ಸೋಯಾ ಅಕ್ಟೋಬರ್‌ನಲ್ಲೇ ರಾಶಿ ಆಗಿದೆ. ಅದೇ ಗಟ್ಟಿಯಾಯ್ತು.

ಆಮೇಲೆ ದಾರಿ. ಮೇಲಿನ ಸೋಲಾರ್ ಪ್ಯಾನೆಲ್, ಏಸಿ ಡಬ್ಬಿ ಎಲ್ಲ ಸೇರಿ ಅತಿ ಎತ್ತರದ ಗಾಡಿ ಹತ್ತೂವರೆ ಅಡಿ. ಹನ್ನೊಂದು ಅಡಿಯ ಬಿದಿರು ಗಳದ ತುದಿಗೆ ಕೆಂಪು ಬಟ್ಟೆ ಕಟ್ಟಿ ಅಣ್ಣನ ಮಗನ ಕೈಗೆ ಕೊಟ್ಟೆ. ಡಾಂಬರು ರಸ್ತೆಯಿಂದ ಹೊಲದ ತನಕ ನಡಿ ಅಂದೆ. ಅವನು ಮುಂದೆ, ನಾನು ಹಿಂದೆ, ನಮ್ಮ ಹಿಂದೆ ಹುಡುಗರ ದಂಡು. ಯಾವ ದೇವರ ಮೆರವಣಿಗೆಯೋ ಅಂತ ಅಜ್ಜಿಯೊಬ್ಬರು ನಿಂತು ಕೈ ಮುಗಿದರು. ಕರೆಂಟಿನ ತಂತಿ ಬಂದಲ್ಲೆಲ್ಲ ಗಳ ಕೆಳಗಿಳಿಸಲು ಮೊದಲೇ ಹೇಳಿದ್ದೆ. ಆ ತಂತಿ ಬೇಕಾದಷ್ಟು ಎತ್ತರಕ್ಕೇ ಇದೆ. ಬಟ್ಟೆ ಸಿಕ್ಕಿಕೊಂಡದ್ದು ಎರಡು ಕಡೆ. ಒಂದು ಹುಣಸೆ ಕೊಂಬೆ, ಇನ್ನೊಂದು ಜೋಲು ಬಿದ್ದ ಟಿವಿ ಕೇಬಲ್. ಕೊಂಬೆ ನಾಳೆ ಕಡಿಸುತ್ತೇವೆ. ಕೇಬಲ್‌ನವರು ಬಂದು ಎತ್ತಿ ಕಟ್ಟುತ್ತೇವೆ ಅಂದಿದ್ದಾರೆ.

ನೆಲ ಕಣ್ಣಿಗೆ ಸಮ ಕಂಡರೆ ಸಾಲದು. ತಲೆ ಕಡೆ ಎರಡು ಇಂಚು ತಗ್ಗಾದರೂ ನಿದ್ದೆ ಬರಲ್ಲ, ಸಿಂಕ್‌ನ ನೀರು ಮೂಲೆಯಲ್ಲೇ ನಿಲ್ಲುತ್ತೆ. ಹಾಗಾಗಿ ಗಾಲಿ ಕೆಳಗೆ ಏನಾದರೂ ಕೊಟ್ಟು ಸಮ ಮಾಡಿಕೊಳ್ಳುತ್ತಾರೆ. ನಮ್ಮಲ್ಲಿ ಫರ್ಸಿ (ಹಾಸುಗಲ್ಲು) ತುಂಡು ಬೇಕಾದಷ್ಟು ಬಿದ್ದಿವೆ. ಆದರೆ ಉಬ್ಬು ತಗ್ಗಿನ ಮೇಲೆ ಇಟ್ಟು ಗಾಲಿ ಏರಿಸಿದರೆ ಫರ್ಸಿ ಪಟ್ ಅಂತ ಒಡೆಯುತ್ತೆ. ದಪ್ಪ ಕಟ್ಟಿಗೆ ಹಲಗೆಯೇ ಬೇಕು.

ಇವತ್ತು ಎಲ್ಲಕ್ಕಿಂತ ಜಾಸ್ತಿ ಹೊತ್ತು ಹೋದದ್ದು ಹೊಲಸು ನೀರಿನ ಹಿಂದೆ. ಬೀದರ್ ಇರುವುದೇ ಜಂಬಿಟ್ಟಿಗೆ ದಿಬ್ಬದ ಮೇಲೆ. ಈ ಕಲ್ಲು ಜೇನುಹುಟ್ಟಿನ ಹಾಗೆ ತೂತು ತೂತು. ಮಳೆ ನೀರು ಸರಸರ ಕೆಳಗಿಳಿಯುತ್ತೆ, ತಳದಲ್ಲಿ ಕರಿ ಬಂಡೆ ಸಿಕ್ಕಾಗ ಅಡ್ಡ ಹರಿಯುತ್ತೆ. ಬಹಮನಿ ಕಾಲದಲ್ಲಿ ನೌಬಾದಿನ ಸುರಂಗ ಬಾವಿ ತೋಡಿದವರು ಹಿಡಿದದ್ದು ಇದೇ ನೀರನ್ನ. ನೆಲದೊಳಗೆ ಕಾಲುವೆ, ಅದರ ಮೇಲೆ ಸಾಲಾಗಿ ಗಾಳಿಗೆ, ಬೆಳಕಿಗೆ ಬಾವಿಗಳು. ಆದರೆ ಒಳ್ಳೆ ನೀರು ಇಷ್ಟು ಬೇಗ ಇಳಿಯುವ ನೆಲದಲ್ಲಿ ಹೊಲಸು ನೀರೂ ಹಾಗೇ ಇಳಿಯುತ್ತೆ, ಅಲ್ವಾ? ಗುಂಡಿ ತೋಡಲು ಬಂದವರು ನಮ್ಮ ಬಾವಿಯ ಮೇಲ್ಗಡೆಯೇ ಗುದ್ದಲಿ ಹಾಕಲು ಹೊರಟಿದ್ದರು. ಅಲ್ಲಿ ನೆಲ ಮೆತ್ತಗಿದೆ, ಕೆಲಸ ಬೇಗ ಆಗುತ್ತೆ ಅಂತ. ಬೇಡ ಅಂತ ಹೇಳಿ ಆ ಕಡೆಯ ಇಳಿಜಾರಿಗೆ, ಬಾವಿಯಿಂದ ದೂರ, ಬಾಳೆ ಗಿಡಗಳ ಹತ್ತಿರ ತೋಡಿಸಿದೆ. ತಳಕ್ಕೆ ಇಟ್ಟಿಗೆ ಚೂರು, ಮೇಲೆ ಉಸುಕು, ಬಾಯಿಗೆ ಜಾಳಿಗೆ. ಪಾತ್ರೆ ತೊಳೆದ ನೀರು, ಸ್ನಾನದ ನೀರು ಮಾತ್ರ ಅದಕ್ಕೆ.

ಟಾಯ್ಲೆಟ್ ವಿಷಯ ಬೇರೆ. ಹಲವು ಗಾಡಿಗಳಲ್ಲಿ ಇರುವುದು ಕ್ಯಾಸೆಟ್ ಟಾಯ್ಲೆಟ್. ಕೂರುವ ಸೀಟಿನ ಕೆಳಗೆ ಸುಮಾರು 20 ಲೀಟರ್‌ನ ಡಬ್ಬಿ, ಹೊರಗಿನಿಂದ ಬಾಗಿಲು ತೆಗೆದು ಹಿಡಿಕೆ ಹಿಡಿದು ಎಳೆದುಕೊಂಡು ಹೋಗಿ ಖಾಲಿ ಮಾಡಬೇಕು. ಫೋಟೋ ತೋರಿಸಿದಾಗ ಗುಂಡಿ ತೋಡುವ ಕಾಕಾ ಗುದ್ದಲಿ ಕೆಳಗಿಟ್ಟು ನೋಡಿದರು. "ಇದೇನವ್ವ, ಸೂಟ್‌ಕೇಸ್‌ದಾಗ ಸಂಡಾಸ್ ಇಟ್ಕೊಂಡು ತಿರುಗ್ತಾರ?" ಅಂದರು. ಹೌದು ಕಾಕಾ, ಹಾಗೇ. ಆ ಡಬ್ಬಿಗಳು ನಮ್ಮ ಮನೆಯ ಸೆಪ್ಟಿಕ್ ಟ್ಯಾಂಕಿಗೇ ಖಾಲಿ ಆಗಬೇಕು, ಬೇರೆಲ್ಲೂ ಅಲ್ಲ. ಒಂದೇ ತೊಂದರೆ, ವಾಸನೆಗೆ ಅಂತ ಕೆಲವರು ಹಾಕುವ ನೀಲಿ ದ್ರವ. ಅದರಲ್ಲಿ ಫಾರ್ಮಾಲಿನ್ ಜಾತಿಯ ಔಷಧ ಇದ್ದರೆ ಸೆಪ್ಟಿಕ್ ಟ್ಯಾಂಕಿನ ಒಳಗೆ ಹೊಲಸು ಕರಗಿಸುವ ಸೂಕ್ಷ್ಮಜೀವಿಗಳೇ ಸತ್ತುಹೋಗುತ್ತವೆ. ಒಬ್ಬಿಬ್ಬರು ಹಾಕಿದರೆ ನಡೆಯಬಹುದು, ಎಲ್ಲ ಸೇರಿ ಸುರಿದರೆ ಸಂಕ್ರಾಂತಿಗೆ ನಮ್ಮ ಮನೆ ನಾರುತ್ತೆ. ಇವತ್ತೇ ಎಲ್ಲರಿಗೂ ಬರೆದೆ: ಬರುವ ಮೊದಲೇ ನೀಲಿ ನಿಲ್ಲಿಸಿ.

ಕರೆಂಟಿನ ಲೆಕ್ಕ ಸುಲಭ, ಯಾಕೆಂದರೆ ಕೊಡೋಕೆ ಜಾಸ್ತಿ ಇಲ್ಲ. ಹೊಲದ ಮನೆಯ ಮೀಟರಿಗೆ 3 ಕಿಲೋವ್ಯಾಟ್. ಒಂದು ಇಂಡಕ್ಷನ್ ಒಲೆಯೇ 2000 ವ್ಯಾಟ್ ಎಳೆಯುತ್ತೆ. ಇಬ್ಬರು ಒಟ್ಟಿಗೆ ಅನ್ನಕ್ಕಿಟ್ಟರೆ ಫ್ಯೂಸ್ ಹೋಯ್ತು. ಪಂಪ್‌ಸೆಟ್ ಲೈನಿನಿಂದ ಎಳೆಯೋಣ ಅಂದ ಅಣ್ಣ. ಅದು ನೀರಾವರಿಗೆ ಕೊಟ್ಟ ಕರೆಂಟು, ಮುಟ್ಟೋ ಹಾಗಿಲ್ಲ. ಹಾಗಾಗಿ ಫೋನು, ಲ್ಯಾಪ್‌ಟಾಪು ಚಾರ್ಜಿಗೆ ಒಂದು ಬೋರ್ಡು, ಅಷ್ಟೇ. ಇವರಿಗೆ ಅದು ಹೊಸದಲ್ಲ. ಪ್ರತಿ ಜನವರಿ ಅಮೆರಿಕದ ಅರಿಜೋನಾ ಮರುಭೂಮಿಯ ಕ್ವಾರ್ಟ್‌ಸೈಟ್ ಸುತ್ತ ಇಂಥ ಗಾಡಿಗಳು ಸಾವಿರಾರು ಸೇರುತ್ತವೆ. ಊರಾಚೆಯ ಬಯಲಿನಲ್ಲಿ ನಿಲ್ಲುವವರಿಗೆ ನಳವೂ ಇಲ್ಲ, ಪ್ಲಗ್ಗೂ ಇಲ್ಲ. ತಮ್ಮ ಬ್ಯಾಟರಿ, ತಮ್ಮ ನೀರು. ಇಲ್ಲೂ 400 ವ್ಯಾಟ್ ಪ್ಯಾನೆಲ್ ಇದ್ದರೆ ಈ ಬಿಸಿಲಿಗೆ ದಿನಕ್ಕೆ ಒಂದೂವರೆ ಯುನಿಟ್‌ಗೆ ಮೋಸ ಇಲ್ಲ. ಅಡುಗೆಗೆ ಹೆಚ್ಚಿನವರ ಹತ್ತಿರ 5 ಕೆಜಿ ಸಿಲಿಂಡರ್ ಇದೆ. ಅದಕ್ಕೆ ವಿಳಾಸದ ದಾಖಲೆ ಕೇಳಲ್ಲ. ಪ್ಯಾನೆಲ್ ಇದ್ದವರಿಗೆ ಬಯಲು, ಇಲ್ಲದವರಿಗೆ ಬೇವಿನ ನೆರಳು ಅಂತ ಸುಣ್ಣದಲ್ಲಿ ಗೆರೆ ಎಳೆಸಿದೆ. ಜನರೇಟರ್ ರಾತ್ರಿ ಹಚ್ಚುವ ಹಾಗಿಲ್ಲ.

ವಿಳಾಸ ಅಂದಾಗ ನೆನಪಾಯ್ತು. ನಮ್ಮ ಪಡಸಾಲೆ ಈಗ ಗೋದಾಮು. ಮನೆ ಇಲ್ಲದವರು ಪಾರ್ಸೆಲ್ ಎಲ್ಲಿಗೆ ತರಿಸಬೇಕು? ನಾಲ್ಕು ದಿನ ಒಂದೇ ಕಡೆ ಇರುತ್ತೇವೆ ಅಂತ ಗೊತ್ತಾದ ತಕ್ಷಣ ಎಲ್ಲರೂ ಇಲ್ಲಿಗೇ ಆರ್ಡರ್ ಹಾಕಿದ್ದಾರೆ. ನೀರಿನ ಪಂಪು, ಸೊಳ್ಳೆ ಪರದೆ, ಮಕ್ಕಳ ಪುಸ್ತಕ, ನಾಯಿ ಊಟದ ದೊಡ್ಡ ಚೀಲ. ಡೆಲಿವರಿ ಹುಡುಗ ಇವತ್ತು ಸಹಿ ಮಾಡಿಸಿಕೊಳ್ಳುತ್ತಾ "ಅಕ್ಕಾ, ಅಂಗಡಿ ಹಾಕೀರೇನ್ರಿ?" ಅಂತ ಕೇಳಿಯೇ ಬಿಟ್ಟ. ಅಮೆರಿಕದಲ್ಲಿ 1978ರಲ್ಲಿ ಶುರುವಾದ, ಗಾಡಿಯಲ್ಲಿ ತಿರುಗುವವರ ಎಸ್ಕೇಪೀಸ್ ಕ್ಲಬ್ ಇದೇ ಕೆಲಸ ಮಾಡುತ್ತೆ. ಟೆಕ್ಸಸ್‌ನ ಲಿವಿಂಗ್‌ಸ್ಟನ್‌ನಲ್ಲಿ ಸದಸ್ಯರ ಟಪಾಲು ತೆಗೆದಿಟ್ಟುಕೊಂಡು ಅವರು ಇದ್ದಲ್ಲಿಗೆ ಕಳಿಸುತ್ತೆ. ಅಲ್ಲಿನ ವಿಳಾಸವೇ ಎಷ್ಟೋ ಜನರ ಕಾಯಂ ವಿಳಾಸ. ನಮ್ಮಲ್ಲಿ ಅಂಥದ್ದು ಇದ್ದಿದ್ದರೆ ಬ್ಯಾಂಕಿನ ಪತ್ರಕ್ಕೋಸ್ಕರ ಇವರು ತಮ್ಮನ ಮನೆ, ಮಾವನ ಮನೆ ಅಂತ ಅಲೆಯುವುದು ತಪ್ಪುತ್ತಿತ್ತು.

ಮೈಕಿನ ಬದಲು ಬೇವಿನ ಕೆಳಗೆ ಎರಡು ಟೇಬಲ್. ಒಂದರಲ್ಲಿ ವೈರಿಂಗ್, ಇನ್ವರ್ಟರ್ ಗೊತ್ತಿರುವವರು ಕೂರುತ್ತಾರೆ. ಇನ್ನೊಂದರಲ್ಲಿ ಕಾಗದ ಪತ್ರದ ಮಾತು. ಗಾಡಿಯ ಒಳಗೆ ಹಾಸಿಗೆ ಒಲೆ ಕೂರಿಸಿದರೆ ಆರ್‌ಸಿಯಲ್ಲಿ ಬದಲಾವಣೆ ಆಗಬೇಕು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಅಲ್ಲಿನ ನಂಬರ್ ಮಾಡಿಸಬೇಕು. ಯಾವ ರಾಜ್ಯದಲ್ಲೂ ಅಷ್ಟು ದಿನ ನಿಲ್ಲದವರಿಗೂ ಇದೊಂದು ಭಯ ಇದ್ದೇ ಇದೆ. ಮಕ್ಕಳಿರುವ ಒಂದು ಕುಟುಂಬ ಮುಕ್ತ ಶಾಲೆಯ ಪರೀಕ್ಷೆ ಕಟ್ಟಿಸುವುದು ಹೇಗೆ ಅಂತ ಹೇಳುತ್ತದಂತೆ. ಮೆಕ್ಯಾನಿಕ್ ಭಾಯ್ ಶನಿವಾರ ಬರುತ್ತಾರೆ. ಬಟ್ಟೆಗೆ ಅಗಸರವರಿಗೆ ಹೇಳಿದ್ದೇನೆ.

ಮಧ್ಯಾಹ್ನ ಪೊಲೀಸ್ ಠಾಣೆಗೆ ಹೋಗಿ ಗಾಡಿ ನಂಬರ್‌ಗಳ ಪಟ್ಟಿ ಕೊಟ್ಟೆ. ಬೇರೆ ಬೇರೆ ರಾಜ್ಯದ ಗಾಡಿಗಳು ಒಂದೇ ಹೊಲದಲ್ಲಿ ನಿಂತರೆ ಊರಲ್ಲಿ ಮಾತು ಹುಟ್ಟುತ್ತೆ, ಮೊದಲೇ ಹೇಳಿದ್ದು ಒಳ್ಳೇದು. ಎರಡು ಸೂಚನೆ ಎಲ್ಲರಿಗೂ ಕಳಿಸಿದೆ. ಒಂದು, ಡ್ರೋನ್ ಪೆಟ್ಟಿಗೆಯಿಂದ ಹೊರಗೆ ತೆಗೆಯಬೇಡಿ. ಇಲ್ಲಿ ವಾಯುಪಡೆ ನೆಲೆ ಇದೆ, ಆಕಾಶದಲ್ಲಿ ವಿಮಾನ ಕಸರತ್ತು ಮಾಡುವ ಸೂರ್ಯಕಿರಣ ತಂಡದ ಮನೆಯೇ ಬೀದರ್. ಹಾಕ್ ವಿಮಾನ ತಲೆ ಮೇಲೆ ಹೋದರೆ ಮಾತು ಅಲ್ಲಿಗೇ ನಿಲ್ಲಿಸಿ, ಹೋದ ಮೇಲೆ ಮುಂದುವರಿಸಿ, ನಾವೆಲ್ಲ ಹಾಗೇ ಮಾಡೋದು. ಇನ್ನೊಂದು, ಸಂಜೆ ಐದರೊಳಗೆ ಬಂದು ಸೇರಿ. ಇದು ಕಬ್ಬಿನ ಸೀಸನ್. ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರ್‌ಗಳು ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಹೋಗುತ್ತಿರುತ್ತವೆ. ಕಲಬುರಗಿ ಕಡೆಯಿಂದ ಹುಮನಾಬಾದ್ ಮೇಲೆ ಬರುವವರಿಗೆ ಇದನ್ನ ದಪ್ಪ ಅಕ್ಷರದಲ್ಲೇ ಬರೆದೆ.

ಮನೆ ಬಿಟ್ಟು ಹೀಗೆ ತಿರುಗೋರು ಎಂಥವರೋ ಅಂತ ಅಪ್ಪನಿಗೆ ಇನ್ನೂ ಅನುಮಾನ. ಬೀದರ್‌ಗೇನು ಇಂಥವರು ಹೊಸಬರಾ? ಬಹಮನಿಗಳ ಕಾಲದಲ್ಲಿ ರಷ್ಯಾದ ತ್ವೆರ್ ಊರಿನ ಅಫನಾಸಿ ನಿಕಿತಿನ್ ಮಾರೋಕೆ ಒಂದು ಕುದುರೆ ಹಿಡಿದುಕೊಂಡು ಇಲ್ಲಿಗೆ ಬಂದಿದ್ದ. ವಾಪಸ್ ಹೊರಟವನು ತನ್ನೂರು ಮುಟ್ಟುವ ಮೊದಲೇ ತೀರಿಹೋದ. ಮದರಸಾ ಕಟ್ಟಿಸಿದ ಗವಾನ್ ಕೂಡ ಇರಾನಿನ ಗೀಲಾನ್ ಕಡೆಯಿಂದ ವ್ಯಾಪಾರಕ್ಕೆ ಬಂದವನೇ. ಅಪ್ಪ ಕೇಳಿಸಿಕೊಂಡು, "ಅವ್ರು ಉಂಡು ಹೋದ್ರೋ ಇಲ್ಲೋ ಅದು ಹೇಳು" ಅಂದರು.

ಊಟದ ಜವಾಬ್ದಾರಿ ಅತ್ತಿಗೆಯದು. ದಿನಾ ಅಡುಗೆ ಅವರವರದೇ, ಅಮವಾಸ್ಯೆ ಊಟ ಮಾತ್ರ ಎಲ್ಲರೂ ಒಟ್ಟಿಗೆ. ಹಸಿ ತೊಗರಿ, ಅವರೆ, ಬಟಾಣಿ, ಮೆಂತ್ಯೆ, ಗಜ್ಜರಿ ಎಲ್ಲ ಹಾಕಿದ ಭಜ್ಜಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಅಂಬಲಿ. ಮೊದಲು ಹೊಲಕ್ಕೆ ಚರಗ, ಅಂದರೆ ನೈವೇದ್ಯದ ಅಡುಗೆ, ಚೆಲ್ಲಿ ಆಮೇಲೆ ಪಂಕ್ತಿ. ಅತ್ತಿಗೆಗಿರುವ ಚಿಂತೆ ಎಷ್ಟು ಜನ ಅನ್ನೋದು. ನನ್ನ ಹತ್ತಿರ ಅದಕ್ಕೆ ಪಕ್ಕಾ ಉತ್ತರ ಇಲ್ಲ. ಗಾಡಿಯಲ್ಲಿರುವವರು ಬರ್ತೀನಿ ಅಂದರೆ ದಾರಿಯಲ್ಲಿ ಬೆಲ್ಟ್ ಹರಿಯದಿದ್ದರೆ ಬರ್ತೀನಿ ಅಂತ ಅರ್ಥ. ರೊಟ್ಟಿ ಮಾತ್ರ ಧಾರಾಳವಾಗಿ ಬಡಿಯಿರಿ ಅಂದೆ. ಕಡಕ್ ರೊಟ್ಟಿ ಉಳಿದರೆ ಕೆಡಲ್ಲ, ಹೋಗುವಾಗ ಕಟ್ಟಿಕೊಡಬಹುದು. ಅಣ್ಣ ಬಿದ್ರಿ ಹೂದಾನಿ ಕೊಡೋಣ ಅಂತಿದ್ದ. ಒಂದೊಂದು ಕಿಲೋ ತೂಕಕ್ಕೂ ಲೆಕ್ಕ ಹಾಕುವ ಮನೆಯಲ್ಲಿ ಹೂದಾನಿ ಎಲ್ಲಿ ಇಡ್ತಾರೆ? ರೊಟ್ಟಿಯಾದರೆ ಸೋಲಾಪುರ ದಾಟುವುದರೊಳಗೆ ಖಾಲಿ. ಮರುದಿನ ಗುರುನಾನಕ್ ಝೀರಾ ಗುರುದ್ವಾರದ ಲಂಗರ್‌ಗೆ (ಎಲ್ಲರಿಗೂ ಉಚಿತ ಊಟ) ಹೋಗುವವರು ಹೋಗಲಿ, ಅಲ್ಲಿ ಯಾರಿಗೂ ಇಲ್ಲ ಅನ್ನಲ್ಲ.

ರಾತ್ರಿ ಒಂಬತ್ತಕ್ಕೆ ಇನ್ನೊಂದು ಫೋನ್ ಬಂತು. ನಾಂದೇಡ್ ಹತ್ತಿರ ಇರುವ ಹಳೇ ಮಿನಿ ಬಸ್ಸಿನವರು, ಗಂಡ ಹೆಂಡತಿ, ನಾವೂ ಬರಬಹುದಾ ಅಂತ. ಬರ್ರಿ ಅಂದೆ, ಆದರೆ ಬಸ್ಸು ಇಪ್ಪತ್ತಮೂರು ಅಡಿ ಉದ್ದ. ಬೇವಿನ ಹತ್ತಿರದ ತಿರುವಿನಲ್ಲಿ ಅದು ತಿರುಗಲ್ಲ, ನಾಳೆ ಆ ಕಡೆಯ ಸುಣ್ಣದ ಗೆರೆ ಅಳಿಸಿ ಬೇರೆ ಎಳೆಯಬೇಕು. ಹಲಗೆಯೂ ಇನ್ನಷ್ಟು ಬೇಕು. ಬೀದರ್‌ನಲ್ಲಿ ಯಾರ ಮನೆಯಲ್ಲಾದರೂ ಹಳೆ ಬಾಗಿಲು, ಹಲಗೆ, ದಪ್ಪ ಕಟ್ಟಿಗೆ ಬಿದ್ದಿದ್ದರೆ ಬುಧವಾರ ಸಂಜೆಯೊಳಗೆ ಹೇಳಿ. ಅಣ್ಣ ಟೆಂಪೋ ತರುತ್ತಾನೆ. ಸೋಮವಾರ ತೊಳೆದು ವಾಪಸ್ ಮುಟ್ಟಿಸುತ್ತೇವೆ.